ಚೆನ್ನಮ್ಮ ವೃತ್ತ ದಾಟಲು ಎಷ್ಟು ಸೆಕೆಂಡು ಬೇಕು?

ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮ ವೃತ್ತದಲ್ಲಿ ರಸ್ತೆ ದಾಟಲು ನಿಂತವರ ಕಾಲುಗಳನ್ನು ಗಮನಿಸಿ. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಬಸ್ಸು ಹೋಯಿತು ಅನ್ನುವಷ್ಟರಲ್ಲಿ ಟಂಟಂ, ಅದರ ಬೆನ್ನಿಗೆ ಬೈಕು. ಕೊನೆಗೆ ಐದಾರು ಮಂದಿ ಗುಂಪಾಗಿ, ಕೈ ಅಡ್ಡ ಹಿಡಿದು ನುಗ್ಗುತ್ತಾರೆ. ಇದನ್ನು ಕಂಡು ‘ಮಂದಿಗೆ ಶಿಸ್ತಿಲ್ಲ’ ಎಂದುಬಿಡುವುದು ಸುಲಭ. ಟೇಪು, ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ: ಸುರಕ್ಷಿತವಾಗಿ ದಾಟಲು ಬೇಕಾದಷ್ಟು ಸಮಯವನ್ನು ನಮ್ಮ ಸರ್ಕಲ್‌ಗಳು ಕೊಡುವುದೇ ಇಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಸಂಚಾರ ಎಂಜಿನಿಯರುಗಳು ಸಾಮಾನ್ಯವಾಗಿ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಮೊಣಕಾಲು ನೋವಿನ ಅಜ್ಜಿ, ಕಾಯಿಪಲ್ಲೆ ಚೀಲ ಹೊತ್ತವರು, ಮಗುವಿನ ಕೈ ಹಿಡಿದವರು 0.8 ಮೀಟರ್ ನಡೆದರೆ ಹೆಚ್ಚು. ಎರಡೂ ಬದಿ ಸೇರಿ 24 ಮೀಟರ್ ಅಗಲದ ರಸ್ತೆ ಇದೆ ಎನ್ನಿ. ಗಟ್ಟಿ ಆಳಿಗೆ 20 ಸೆಕೆಂಡು ಸಾಕು, ಅಜ್ಜಿಗೆ 30 ಬೇಕು. ಪಾದಚಾರಿಗಳ ಹಸಿರು ದೀಪ 15 ಸೆಕೆಂಡು ಮಾತ್ರ ಉರಿದರೆ ಅಜ್ಜಿ ಕರಾರುವಾಕ್ಕಾಗಿ 12 ಮೀಟರ್ ನಡೆದಿರುತ್ತಾರೆ, ಅಂದರೆ ನಟ್ಟನಡುವೆ ನಿಂತಿರುತ್ತಾರೆ.

ಸಿಗ್ನಲ್ಲೇ ಇಲ್ಲದ ಕಡೆ ವಾಹನಗಳ ನಡುವಿನ ಖಾಲಿ ಜಾಗ ನೋಡಿ ದಾಟಬೇಕು. ಅರ್ಧ ರಸ್ತೆಗೆ, ಅಂದರೆ 12 ಮೀಟರಿಗೆ ಅಜ್ಜಿಯ ನಡಿಗೆ 15 ಸೆಕೆಂಡು, ಹೊರಡುವ ಮುನ್ನ ನೋಡಿ ನಿರ್ಧರಿಸಲು ಇನ್ನೆರಡು. ಗಂಟೆಗೆ 50 ಕಿ.ಮೀ. ವೇಗದ ವಾಹನ ಆ 17 ಸೆಕೆಂಡಿನಲ್ಲಿ ಸುಮಾರು 236 ಮೀಟರ್ ಬರುತ್ತದೆ. ಅಷ್ಟು ಉದ್ದದ ಖಾಲಿ ರಸ್ತೆ ಹಗಲು ಹೊತ್ತಿನಲ್ಲಿ ಹುಬ್ಬಳ್ಳಿಯ ಯಾವ ಸರ್ಕಲ್‌ನಲ್ಲಿ ಸಿಕ್ಕೀತು? ಕಣ್ಣಿಗೂ ಮಿತಿಯಿದೆ. ಎದುರಿಗೆ ಬರುವ ವಾಹನದ ವೇಗವನ್ನು ಮಿದುಳು ಅಳೆಯುವುದು ಅದರ ಬಿಂಬ ಕಣ್ಣಿನಲ್ಲಿ ಎಷ್ಟು ಬೇಗ ಹಿಗ್ಗುತ್ತದೆ ಎಂಬುದರಿಂದ. ದೂರದಲ್ಲಿದ್ದಾಗ ಆ ಹಿಗ್ಗುವಿಕೆ ತೀರಾ ಅಲ್ಪ. ಬೈಕಿನಂಥ ಸಣ್ಣ ವಾಹನ ಲಾರಿಗಿಂತ ತಡವಾಗಿ ಬಂದೀತು ಎಂದು ಭಾಸವಾಗುತ್ತದೆ. ರಾತ್ರಿ ಒಂದೇ ದೀಪದ ಬೈಕು ಇನ್ನೂ ಮೋಸಗೊಳಿಸುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗಂತೂ ಗಂಟೆಗೆ ಸುಮಾರು 30 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನವನ್ನು ಸರಿಯಾಗಿ ಅಂದಾಜಿಸುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ‘ನೋಡಿಕೊಂಡು ದಾಟು’ ಎಂದು ಅವರಿಗೆ ಹೇಳಿದರೆ ಸಾಲದು.

ಇನ್ನು ಚಾಲಕನ ಕಡೆಯ ಲೆಕ್ಕ. ನಿಂತ ಬಸ್ಸಿನ ಮರೆಯಿಂದ ಒಬ್ಬರು 20 ಮೀಟರ್ ಮುಂದೆ ರಸ್ತೆಗಿಳಿದರು. ಕಂಡು, ಅರಿತು, ಬ್ರೇಕ್ ಒತ್ತಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕು. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ 30 ಕಿ.ಮೀ. ವೇಗದ ಕಾರು ಹದಿನೇಳೂವರೆ ಮೀಟರಿನೊಳಗೆ ನಿಲ್ಲುತ್ತದೆ. ಯಾರಿಗೂ ಏನೂ ಆಗುವುದಿಲ್ಲ. 40ರ ವೇಗದ್ದು ಆ ವ್ಯಕ್ತಿಯನ್ನು ತಲುಪಿದಾಗಲೂ 31 ಕಿ.ಮೀ. ವೇಗದಲ್ಲಿರುತ್ತದೆ. 50ರ ಕಾರು ಒಂದೂವರೆ ಸೆಕೆಂಡಿನಲ್ಲೇ ಸುಮಾರು 21 ಮೀಟರ್ ಸಾಗಿರುತ್ತದೆ. ಅಂದರೆ ಬ್ರೇಕಿಗೆ ಕಾಲು ತಾಗುವ ಮೊದಲೇ, ಪೂರ್ತಿ 50ರ ವೇಗದಲ್ಲಿ ಡಿಕ್ಕಿ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 30ಕ್ಕೆ ಹೋಲಿಸಿದರೆ 50ರಲ್ಲಿ ಅದು 2.8 ಪಟ್ಟು. ವೇಗ 50ರಿಂದ 65ಕ್ಕೆ ಏರಿದರೆ, ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಳೆಗಾಲದ ರಸ್ತೆಯಲ್ಲಿ ಈ ಅಂಕಿಗಳೆಲ್ಲ ಇನ್ನಷ್ಟು ಕೆಡುತ್ತವೆ.

ಹಾಗಾಗಿ ಸರ್ಕಲ್ ಸುಧಾರಣೆಗೆ ಕೆಲಸ ಎರಡೇ: ದಾಟುವ ದೂರವನ್ನು ಚಿಕ್ಕ ತುಂಡುಗಳಾಗಿ ಒಡೆಯುವುದು, ದಾಟುವ ಜಾಗದಲ್ಲಿ ವಾಹನದ ವೇಗವನ್ನು 30ರೊಳಗೆ ತರುವುದು. ಫಲಕ, ಜಾಗೃತಿ ಸಪ್ತಾಹ, ಪೊಲೀಸರ ಸೀಟಿ ಇವೆಲ್ಲ ಆಮೇಲೆ.

ವೇಗದ ವಿಷಯದಲ್ಲಿ ಮೊದಲು ನೋಡಬೇಕಾದ್ದು ಸಿಗ್ನಲ್ಲಿಗೆ ಕಾಯದೆ ಎಡಕ್ಕೆ ತಿರುಗುವ ‘ಫ್ರೀ ಲೆಫ್ಟ್’ ಮೂಲೆ. ಮೂಲೆಯ ತ್ರಿಜ್ಯ 15 ಮೀಟರ್ ಇದ್ದರೆ ಕಾರು ಆರಾಮಾಗಿ 24 ಕಿ.ಮೀ. ವೇಗದಲ್ಲಿ ತಿರುಗುತ್ತದೆ, ಚಾಲಕನ ಕಣ್ಣು ಬಲದಿಂದ ಬರುವ ವಾಹನಗಳ ಮೇಲೆ, ಎಡಗಡೆ ರಸ್ತೆಗಿಳಿದವರು ಅವನ ಲೆಕ್ಕದಲ್ಲೇ ಇಲ್ಲ. ತ್ರಿಜ್ಯವನ್ನು 6 ಮೀಟರಿಗೆ ಇಳಿಸಿದರೆ ಅದೇ ಕಾರು 15ರ ವೇಗಕ್ಕೆ ಬರಲೇಬೇಕು. ದೊಡ್ಡ ಬಸ್ಸು ತಿರುಗುವುದು ಹೇಗೆ ಎಂದು ಕೇಳುತ್ತಾರೆ, ಸರಿಯಾದ ಪ್ರಶ್ನೆ. ಮೂಲೆಯ ಒಳಪಟ್ಟಿಯನ್ನು ಒರಟು ಕಲ್ಲು ಹಾಸಿ ಐದಾರು ಸೆಂಟಿಮೀಟರ್ ಮಾತ್ರ ಎತ್ತರಿಸಿದರೆ ಬಸ್ಸಿನ ಹಿಂಗಾಲಿ ಅದರ ಮೇಲೆ ಹತ್ತಿ ಹೋಗುತ್ತದೆ, ಕಾರು-ಬೈಕಿನವರು ತಪ್ಪಿಸಿಕೊಂಡು ಸುತ್ತುತ್ತಾರೆ.

ದೂರ ಒಡೆಯುವುದಕ್ಕೆ ನಡುಗಡ್ಡೆ ಬೇಕು. ಮೇಲಿನ 24 ಮೀಟರ್ ರಸ್ತೆಯ ನಡುವೆ ನಿಲ್ಲಲು ಜಾಗ ಸಿಕ್ಕರೆ ಅಜ್ಜಿಗೆ ಅದೇ 15 ಸೆಕೆಂಡಿನ ಹಸಿರು ದೀಪ ಸಾಕಾಗುತ್ತದೆ, ಉಳಿದರ್ಧ ಮುಂದಿನ ಸರದಿಗೆ. ಅಗಲ ಕನಿಷ್ಠ 1.2 ಮೀಟರ್ ಇರಲೇಬೇಕು. ಆದರೆ ಸೈಕಲ್ ಹಿಡಿದವರು, ಗಾಲಿ ಕುರ್ಚಿಯವರು ನಿಲ್ಲಬೇಕಾದರೆ 2 ಮೀಟರ್ ಬೇಕು. ಕಡಿಮೆ ಮಾಡಿದರೆ ಸೈಕಲ್ಲಿನ ಹಿಂಗಾಲಿ ರಸ್ತೆಯಲ್ಲೇ ಉಳಿಯುತ್ತದೆ. ದಾರಿ ರಸ್ತೆಯ ಮಟ್ಟದಲ್ಲೇ ಇರಲಿ, ಹತ್ತಿ ಇಳಿಯುವ ಮೆಟ್ಟಿಲು ಬೇಡ. ಸಾಧ್ಯವಾದರೆ ಎರಡು ಬದಿಯ ದಾರಿಗಳನ್ನು ನೇರ ಸೇರಿಸದೆ, ನಡುಗಡ್ಡೆಯೊಳಗೆ ಎಡಕ್ಕೆ ನಾಲ್ಕು ಹೆಜ್ಜೆ ನಡೆಸಿ ಆಮೇಲೆ ಎರಡನೇ ಬದಿಗೆ ಬಿಡಬೇಕು. ನಮ್ಮಲ್ಲಿ ಎರಡನೇ ಅರ್ಧದ ವಾಹನಗಳು ಎಡದಿಂದ ಬರುವುದರಿಂದ ಆ ನಾಲ್ಕು ಹೆಜ್ಜೆಯಲ್ಲಿ ಮುಖ ತಾನಾಗಿ ಅವುಗಳ ಕಡೆ ತಿರುಗುತ್ತದೆ. ಬಲಕ್ಕೆ ತಿರುಗಿಸಿ ಕಟ್ಟಿದರೆ ಬೆನ್ನು ಕೊಟ್ಟು ನಡೆದಂತೆ. ಈ ಅಂಕುಡೊಂಕು ದಾರಿಗೆ ಇನ್ನೊಂದು ಲಾಭವೂ ಉಂಟು: ನೇರ ಸಂದು ಕಂಡರೆ ಯೂ-ಟರ್ನ್ ಹೊಡೆಯುವ ಬೈಕಿನವರಿಗೆ ಇದು ಒಗ್ಗುವುದಿಲ್ಲ.

ಹುಬ್ಬಳ್ಳಿ-ಧಾರವಾಡದ ಮಂದಿಗೆ ನಡುರಸ್ತೆಯ ನಿಲುಗಡೆ ಹೊಸದಲ್ಲ. ಅವಳಿ ನಗರದ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿನ ಬಹುತೇಕ ನಿಲ್ದಾಣಗಳು ರಸ್ತೆಯ ನಡುವೆಯೇ ಇವೆ. ಅಂದರೆ ಪ್ರತಿ ಪ್ರಯಾಣಿಕ ಹತ್ತುವಾಗೊಮ್ಮೆ, ಇಳಿದಾಗೊಮ್ಮೆ ಅರ್ಧ ರಸ್ತೆ ದಾಟುವ ಪಾದಚಾರಿ. ಬಸ್ಸು ಬಂದದ್ದು ಕಂಡ ಕ್ಷಣ ಓಡುವುದು ಮನುಷ್ಯ ಸಹಜ. ಆದ್ದರಿಂದ ನಿಲ್ದಾಣದ ಮುಂದಿನ ದಾಟುದಾರಿ ಉಳಿದವುಗಳಿಗಿಂತ ಭದ್ರವಾಗಿರಬೇಕು: ಪಾದಚಾರಿ ಮಾರ್ಗದ ಮಟ್ಟಕ್ಕೆ, ಸುಮಾರು 15 ಸೆಂಟಿಮೀಟರ್ ಎತ್ತರಿಸಿ ಮೇಜಿನಂತೆ ಚಪ್ಪಟೆ ಮಾಡಿದರೆ ಒಳ್ಳೆಯದು. ಎತ್ತರಿಸುವಾಗ ಅಂಚಿನಲ್ಲಿ ನೀರು ಹೋಗಲು ಕೊಳವೆ ಬಿಡದಿದ್ದರೆ ಮೊದಲ ಮಳೆಗೇ ಅಲ್ಲಿ ಕೆರೆ ನಿಲ್ಲುತ್ತದೆ, ಜನ ನೀರು ತಪ್ಪಿಸಿ ಬೇರೆ ಕಡೆ ದಾಟುತ್ತಾರೆ.

ಸಿಗ್ನಲ್ಲಿನಲ್ಲಿ ಕಾಯುವಿಕೆ 30 ಸೆಕೆಂಡು ದಾಟಿದರೆ ಜನ ತಾಳ್ಮೆ ಕಳೆದುಕೊಂಡು ಕೆಂಪಿನಲ್ಲೇ ಇಳಿಯುತ್ತಾರೆ. ಎರಡು-ಮೂರು ನಿಮಿಷದ ಉದ್ದನೆಯ ಸರದಿಗಳು ವಾಹನಕ್ಕೆ ಅನುಕೂಲ, ಕಾಲಿಗೆ ಅಪಾಯ. ವಾಹನಕ್ಕೆ ಹಸಿರು ಕೊಡುವ ಮುನ್ನ ಪಾದಚಾರಿಗೆ 3ರಿಂದ 7 ಸೆಕೆಂಡು ಮೊದಲೇ ಹಸಿರು ಕೊಟ್ಟರೆ ಅವರು ರಸ್ತೆಯ ನಡುವೆ ಎದ್ದು ಕಾಣುವಂತೆ ನಡೆಯುತ್ತಿರುತ್ತಾರೆ, ತಿರುಗುವ ಚಾಲಕ ನಿಲ್ಲುತ್ತಾನೆ. ಟೈಮರ್ ಬದಲಿಸಿದರೆ ಆಯಿತು, ಸಿಮೆಂಟು ಬೇಕಿಲ್ಲ.

ಝೀಬ್ರಾ ಪಟ್ಟೆ ಬಳಿಯುವುದರಲ್ಲೂ ವಿಜ್ಞಾನವಿದೆ. ಪಟ್ಟೆ ತಲಾ 50 ಸೆಂ.ಮೀ. ಅಗಲ, ಥರ್ಮೋಪ್ಲಾಸ್ಟಿಕ್ (ಕಾಯಿಸಿದರೆ ಕರಗಿ, ಆರಿದಾಗ ಗಟ್ಟಿಯಾಗುವ ಬಣ್ಣ) ಪದರ 2.5 ಮಿ.ಮೀ. ದಪ್ಪ. ಅದನ್ನು 180ರಿಂದ 200 ಡಿಗ್ರಿಗೆ ಕಾಯಿಸಿ ಹಾಸಿ, ಬಿಸಿ ಇರುವಾಗಲೇ ಗಾಜಿನ ಮಣಿಗಳನ್ನು ಚೆಲ್ಲುತ್ತಾರೆ. ಹೆಡ್‌ಲೈಟಿನ ಬೆಳಕನ್ನು ಚಾಲಕನತ್ತ ಮರಳಿಸುವುದು ಈ ಮಣಿಗಳೇ. ಪದರ ಆರಿದ ಮೇಲೆ ಚೆಲ್ಲಿದರೆ ಅವು ಗಾಲಿಗೆ ಉದುರಿಹೋಗುತ್ತವೆ. ವಿಪರೀತ ಬಿಸಿಯಲ್ಲಿ ಚೆಲ್ಲಿದರೆ ಪೂರ್ತಿ ಮುಳುಗುತ್ತವೆ. ಅರ್ಧಕ್ಕಿಂತ ತುಸು ಹೆಚ್ಚು ಹುದುಗಿ, ಉಳಿದದ್ದು ಮೇಲೆ ಕಾಣಬೇಕು. ಹುಬ್ಬಳ್ಳಿಯ ಧೂಳನ್ನು ಚೆನ್ನಾಗಿ ಗುಡಿಸದೆ, ಅಥವಾ ಮಳೆ ನಿಂತ ಮರುದಿನ ಹಸಿ ಡಾಂಬರಿನ ಮೇಲೆ ಬಳಿದರೆ ಪಟ್ಟೆ ಹಪ್ಪಳದಂತೆ ಎದ್ದು ಬರುತ್ತದೆ. ವಾಹನ ನಿಲ್ಲುವ ಗೆರೆ ಝೀಬ್ರಾಕ್ಕೆ ಅಂಟಿಕೊಂಡಿರಬಾರದು, ಎರಡು-ಮೂರು ಮೀಟರ್ ಹಿಂದಿರಬೇಕು. ನಿಂತ ಬಸ್ಸಿನ ಮರೆಯಿಂದ ಹೊರಬರುವವರು ಪಕ್ಕದ ಸಾಲಿನ ಬೈಕಿನವನಿಗೆ ಕಾಣುವುದು ಆ ಖಾಲಿ ಜಾಗದಿಂದಲೇ.

ಅದೇ ಕಾರಣಕ್ಕೆ ಬಸ್ ನಿಲುಗಡೆ ಝೀಬ್ರಾ ದಾಟಿದ ಮೇಲೆ ಇರಬೇಕು, ಇಳಿದವರು ಬಸ್ಸಿನ ಹಿಂದಿನಿಂದ ದಾಟುವಂತೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಜಂಕ್ಷನ್ ಅಂಚಿನಿಂದ 50 ಮೀಟರಿನೊಳಗೆ ವಾಹನ ನಿಲ್ಲಿಸಬಾರದು ಎನ್ನುತ್ತವೆ. ಆಟೊ, ಟಂಟಂಗಳನ್ನು ಬರೀ ಓಡಿಸಿದರೆ ಮತ್ತೆ ಅಲ್ಲೇ ಬರುತ್ತವೆ. ಅವಕ್ಕೆ ಅಂಥದ್ದೇ ಅನುಕೂಲದ ತಾಣ ಗುರುತು ಮಾಡಿ ಕೊಡಬೇಕು. ಬೀದಿದೀಪ ನೆತ್ತಿಯ ಮೇಲಿದ್ದರೆ ತಲೆ ಮಾತ್ರ ಬೆಳಗುತ್ತದೆ. ವಾಹನ ಬರುವ ದಿಕ್ಕಿಗೆ, ದಾಟುದಾರಿಗಿಂತ ಕೆಲವು ಮೀಟರ್ ಮೊದಲೇ ಕಂಬ ನೆಟ್ಟರೆ ಇಡೀ ದೇಹ ಚಾಲಕನಿಗೆ ಕಾಣುತ್ತದೆ.

ಪಾದಚಾರಿ ಮೇಲ್ಸೇತುವೆ ಯಾಕಾಗದು? ಕೆಳಗೆ ವಾಹನಕ್ಕೆ ಐದೂವರೆ ಮೀಟರ್ ಎತ್ತರ ಬಿಡಬೇಕು. ಹಲಗೆಯ ದಪ್ಪ ಸೇರಿ ಆರು. 15 ಸೆಂಟಿಮೀಟರಿನ ಮೆಟ್ಟಿಲಾದರೆ 40 ಹತ್ತಿ 40 ಇಳಿಯಬೇಕು. ಯಾರಿಗಾಗಿ ಕಟ್ಟುತ್ತೇವೋ ಆ ಅಜ್ಜಿಗೇ ಅದು ಸಾಧ್ಯವಿಲ್ಲ. ವಾಹನದ ಮೇಲ್ಸೇತುವೆಯೂ ನೇರ ಹೋಗುವ ವಾಹನವನ್ನಷ್ಟೇ ಮೇಲೆತ್ತುತ್ತದೆ. ಕೆಳಗೆ ತಿರುಗುವ ವಾಹನಗಳು ಉಳಿಯುತ್ತವೆ, ಕಂಬಗಳು ಹೊಸ ಮರೆ ಸೃಷ್ಟಿಸುತ್ತವೆ, ಇಳಿಜಾರಿನಿಂದ ಬರುವವು ವೇಗವಾಗಿ ಬರುತ್ತವೆ. ಇಳಿಜಾರು ಮುಗಿಯುವ ಜಾಗದಲ್ಲಿ ದಾಟುದಾರಿ ಇಡಬಾರದು.

ಇಷ್ಟನ್ನೂ ಒಮ್ಮೆಲೇ ಕಾಂಕ್ರೀಟಿನಲ್ಲಿ ಮಾಡಬೇಕಿಲ್ಲ. ಮೊದಲು ಸುಣ್ಣದ ಗೆರೆ, ರಬ್ಬರ್ ಕೋನ್, ನೀರು ತುಂಬಿದ ಪ್ಲಾಸ್ಟಿಕ್ ತಡೆಗಳಿಂದ ಒಂದೆರಡು ವಾರ ನಡುಗಡ್ಡೆ ಮತ್ತು ಮೂಲೆಗಳನ್ನು ರಚಿಸಿ ನೋಡಬೇಕು. ಬಸ್ಸು ಎಲ್ಲಿ ಸಿಕ್ಕಿಬೀಳುತ್ತದೆ, ಜನ ಎಲ್ಲಿ ದಾಟುತ್ತಾರೆ ಎಂಬುದು ಗೊತ್ತಾಗುತ್ತದೆ. ಮೊದಲೂ ಆಮೇಲೂ ಎತ್ತರದ ಮಹಡಿಯಿಂದ ವಿಡಿಯೊ ತೆಗೆದು, ಒಬ್ಬರು ದಾಟಿದ ಜಾಗವನ್ನು ವಾಹನ ಎಷ್ಟು ಸೆಕೆಂಡಿನ ನಂತರ ತುಳಿಯಿತು ಎಂದು ಎಣಿಸಬೇಕು. ಒಂದೂವರೆ ಸೆಕೆಂಡಿಗಿಂತ ಕಡಿಮೆಯಾದದ್ದೆಲ್ಲ ಕೂದಲೆಳೆಯಲ್ಲಿ ತಪ್ಪಿದ ಅಪಘಾತ. ಹೀಗೆ ಎಣಿಸಿದರೆ ಯಾರೂ ಸಾಯುವ ಮುನ್ನವೇ ಅಪಾಯದ ಜಾಗ ಗೊತ್ತಾಗುತ್ತದೆ. ಆದರೆ ಒಂದು ಜಾಗ ಸರ್ಕಾರದ ‘ಬ್ಲ್ಯಾಕ್‌ಸ್ಪಾಟ್’ (ಅಪಘಾತ ಹೆಚ್ಚುವ ಜಾಗ) ಪಟ್ಟಿ ಸೇರಲು ಸುಮಾರು 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿರಬೇಕು. ಕಾನೂನಿನ ಆಸರೆಯೂ ಇದೆ: 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಂತೆ, ನಿಗದಿತ ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳುತ್ತದೆ. ಪಾಲಿಕೆಗೆ ಮನವಿ ಕೊಡುವವರು ‘ಅಪಘಾತ ಹೆಚ್ಚಾಗಿವೆ’ ಎಂದು ಬರೆಯುವ ಬದಲು ಮೂಲೆಯ ತ್ರಿಜ್ಯ, ದಾಟುವ ಅಗಲ, ಹಸಿರು ದೀಪದ ಸೆಕೆಂಡು, ಆ ವಿಡಿಯೊದ ಎಣಿಕೆ ಇವು ನಾಲ್ಕನ್ನು ಬರೆದು ಕೊಟ್ಟರೆ ಎಂಜಿನಿಯರಿಗೆ ಅಂದಾಜುಪಟ್ಟಿ ತಯಾರಿಸಲು ಬೇಕಾದ ಆಧಾರ ಕೈಯಲ್ಲೇ ಇರುತ್ತದೆ.