ಉಪಪ್ರಶ್ನೆಯ ಹಕ್ಕು ಬಂದ ದಾರಿ

1893ರ ಫೆಬ್ರವರಿ 16. ವೈಸರಾಯ್ ಅವರ ಶಾಸನ ಪರಿಷತ್ತಿನಲ್ಲಿ ಭಿಂಗಾದ ರಾಜ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅಧಿಕಾರಿಗಳು ಸರ್ಕಾರಿ ಪ್ರವಾಸಕ್ಕೆ ಬಂದಾಗ ಅವರಿಗೆ ಬೇಕಾದ ಸಾಮಾನು ಒದಗಿಸುವ ಹೊರೆ ಹಳ್ಳಿಯ ಅಂಗಡಿಯವರ ಮೇಲೆ ಬೀಳುತ್ತಿತ್ತು. ಆ ಕಷ್ಟದ ಬಗ್ಗೆ ಸರ್ಕಾರ ಏನು ಹೇಳುತ್ತದೆ ಅಂತ. ಭಾರತದ ಶಾಸನಸಭೆಗಳಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಶುರುವಾಗಿದ್ದೇ ಸಾಮಾನ್ಯ ಜನರ ಪಾಡಿನಿಂದ ಅನ್ನೋದು ನನಗೆ ಬಹಳ ಇಷ್ಟವಾದ ವಿಷಯ.

ಪ್ರಶ್ನೆ ಕೇಳುವ ಹಕ್ಕು ಕೊಟ್ಟಿದ್ದು 1892ರ ಕಾಯ್ದೆ. ಆದರೆ ಅರ್ಧ ಹಕ್ಕು. ಮುಂಚೆಯೇ ನೋಟಿಸ್ ಕೊಡಬೇಕು, ಉತ್ತರ ಬಂದ ಮೇಲೆ ಸುಮ್ನೆ ಕೂರಬೇಕು. 'ನೀವು ಹೇಳಿದ್ದು ಸರಿ, ಆದ್ರೆ...' ಅಂತ ಮತ್ತೆ ಬಾಯಿ ತೆರೆಯುವ ಹಾಗಿರಲಿಲ್ಲ. 1909ರಲ್ಲಿ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ, ಅಂದರೆ ಉತ್ತರದ ಮೇಲೆ ಮತ್ತೆ ಪ್ರಶ್ನೆ ಕೇಳುವ, ಅವಕಾಶ ಸಿಕ್ಕಿತು. ಉಳಿದ ಸದಸ್ಯರಿಗೂ ಅದು ಸಿಕ್ಕಿದ್ದು 1919ರ ಸುಧಾರಣೆಗಳ ನಂತರ.

ಇಡೀ ಪ್ರಶ್ನೋತ್ತರದ ಜೀವ ಇರುವುದು ಈ ಉಪಪ್ರಶ್ನೆಯಲ್ಲೇ. ಮೊದಲ ಉತ್ತರ ಅಧಿಕಾರಿಗಳು ಬರೆದುಕೊಟ್ಟದ್ದು, ಸಚಿವರು ಓದುತ್ತಾರೆ ಅಷ್ಟೇ. ಆಸ್ಪತ್ರೆಗೆ ವೈದ್ಯರ ಹುದ್ದೆ ಎಷ್ಟು ಮಂಜೂರಾಗಿದೆ ಅಂತ ಕೇಳಿದರೆ ಲೆಕ್ಕ ಸರಿಯಾಗೇ ಬರುತ್ತದೆ. 'ಅದರಲ್ಲಿ ಖಾಲಿ ಎಷ್ಟು? ಯಾವಾಗಿನಿಂದ?' ಅಂತ ಇನ್ನೊಬ್ಬರು ಎದ್ದರೆ, ಇಲಾಖೆಯ ಕೆಲಸ ಗೊತ್ತಿದ್ದವರು ಮಾತ್ರ ಉತ್ತರ ಕೊಡಬಲ್ಲರು. 1957ರಲ್ಲಿ ಜೀವ ವಿಮಾ ನಿಗಮದ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಿಗೆ ಹೋದದ್ದನ್ನು ಲೋಕಸಭೆಯಲ್ಲಿ ಹೀಗೆಯೇ ಬಿಡದೆ ಕೆದಕಿದರು. ಸಂಸದ ಫಿರೋಜ್ ಗಾಂಧಿ ಅದರಲ್ಲಿ ಮುಂದಿದ್ದರು. ವಿಚಾರಣಾ ಆಯೋಗ ಕೂತಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಈಗ ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು. ಇವಕ್ಕೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಚುಕ್ಕೆ ಇಲ್ಲದವು 230, ಅವಕ್ಕೆ ಲಿಖಿತ ಉತ್ತರ. ಗದ್ದಲ ಆದ ದಿನ ಚುಕ್ಕೆ ಪ್ರಶ್ನೆಗಳಿಗೂ ಲಿಖಿತ ಉತ್ತರವೇ ಗತಿ. ಸ್ಪೀಕರ್ ಮುಂದೆ ಕೂಗಾಡಿ ಪ್ರಶ್ನೋತ್ತರದ ಆ ಒಂದು ಗಂಟೆ ಕಳೆದರೆ ಜಾಸ್ತಿ ಲಾಭ ಸಚಿವರಿಗೇ ಅಲ್ವಾ?

'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಅನ್ನುವ ಉತ್ತರಕ್ಕೂ ಒಂದು ಮದ್ದು ಹುಡುಕಿದ್ದಾರೆ. 1953ರಲ್ಲಿ ಲೋಕಸಭೆ ಸರ್ಕಾರಿ ಭರವಸೆಗಳ ಸಮಿತಿ ಮಾಡಿತು. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 3 ತಿಂಗಳಲ್ಲಿ ಮಾತು ಈಡೇರಬೇಕು.

2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿತು. ಲಿಖಿತ ಉತ್ತರಗಳು ಬಂದವು. ಆಸ್ಪತ್ರೆ, ಆಮ್ಲಜನಕ, ಊರಿಗೆ ಮರಳಿದ ಕಾರ್ಮಿಕರು, ಹೀಗೆ ಕೇಳುವುದು ರಾಶಿ ಇದ್ದ ಹೊತ್ತು ಅದು. ಕಾಗದದ ಮೇಲಿನ ಉತ್ತರ ಓದಿ 'ಆದ್ರೆ...' ಅಂತ ಎದ್ದು ನಿಲ್ಲಲು ಆ ಅಧಿವೇಶನದಲ್ಲಿ ಯಾರಿಗೂ ಅವಕಾಶ ಇರಲಿಲ್ಲ, 1893ರ ಹಾಗೆಯೇ.