ಶ್ರೇಢಿ, ಶ್ರೇಣಿ: ಢ ಎಲ್ಲಿ, ಣ ಎಲ್ಲಿ?

ಪಿಯುಸಿ ಮಕ್ಕಳು ಬರೆದ ಲೆಕ್ಕ ತಿದ್ದುವಾಗ ನನ್ನ ಕೆಂಪು ಪೆನ್ನು ಹೆಚ್ಚು ಖರ್ಚಾಗುವುದು ಈ ಎರಡು ಪದಗಳ ಮೇಲೆ. ಒಂದು ನಿಯಮಕ್ಕೆ ಕಟ್ಟುಬಿದ್ದು ಸಾಲಾಗಿ ನಿಂತ ಸಂಖ್ಯೆಗಳು ಶ್ರೇಢಿ: 128, 64, 32, 16. ನಡುವೆ ಕೂಡುವ ಚಿಹ್ನೆ ಬಿತ್ತೋ, ಅದು ಶ್ರೇಣಿ: 128 + 64 + 32 + 16.

ಆಡುಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಪರ್ವತ ಶ್ರೇಣಿ ಅನ್ನುವಾಗ ಯಾರೂ ಬೆಟ್ಟಗಳನ್ನು ಕೂಡುವುದಿಲ್ಲ, ಅದು ಬರೀ ಸಾಲು. ಆ ಪದದ ತಲೆ ಮೇಲೆ ಮೊತ್ತವನ್ನು ಹೊರಿಸಿದ್ದು ಗಣಿತ. ಶ್ರೇಢಿಯಾದರೋ ಗಣಿತದ ಆಚೆ ಕಾಣಸಿಗುವುದೇ ಅಪರೂಪ. ಎರಡನೇ ಭಾಸ್ಕರ 1150ರಲ್ಲಿ ಬರೆದ ಲೀಲಾವತಿಯಲ್ಲಿ 'ಶ್ರೇಢೀ ವ್ಯವಹಾರ' ಎಂಬ ಭಾಗವೇ ಇದೆ. ಅಲ್ಲಿ ಮೊತ್ತದ ಲೆಕ್ಕವೂ ಶ್ರೇಢಿಯ ಹೆಸರಿನಲ್ಲೇ ಬರುತ್ತದೆ, ಹಾಗಾಗಿ ಮಕ್ಕಳನ್ನಷ್ಟೇ ಬೈಯುವಂತಿಲ್ಲ!

ಕೊಡಗಿನ ಮಕ್ಕಳಿಗೆ ನಾನು ಇದನ್ನು ಹಾಕಿಯಲ್ಲೇ ಹೇಳಿಕೊಡುವುದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ಒಕ್ಕಗಳ (ಕೊಡವ ಮನೆತನಗಳ) ತಂಡಗಳು ಹೆಸರು ಕೊಟ್ಟಿದ್ದವು. ಎಲ್ಲರೂ ಆಡಿ, ಸೋತವರು ಸೀದಾ ಮನೆಗೆ ಎಂದಿಟ್ಟುಕೊಂಡರೆ ಒಟ್ಟು ಎಷ್ಟು ಪಂದ್ಯ? ಮಕ್ಕಳು 180, 90, 45 ಎಂದು ಬರೆಯುತ್ತಾ ಹೋಗಿ 45ರಲ್ಲಿ ಸಿಕ್ಕಿಬೀಳುತ್ತಾರೆ, ಅರ್ಧ ತಂಡ ಎಲ್ಲಿಂದ ತರುವುದು? 152 ತಂಡಕ್ಕೆ 'ಬೈ' ಕೊಡಿ, ಅಂದರೆ ಮೊದಲ ಸುತ್ತು ಆಡಿಸದೆ ಸೀದಾ ಮುಂದಿನ ಸುತ್ತಿಗೆ ಕಳಿಸಿ. ಉಳಿದ 208 ತಂಡ 104 ಪಂದ್ಯ ಆಡಿದರೆ ಮುಂದಿನ ಸುತ್ತಿಗೆ 256 ತಂಡ ಸಿಗುತ್ತದೆ. ಅಲ್ಲಿಂದ ಪಂದ್ಯಗಳು 128, 64, 32 ಎಂದು ಇಳಿದು ಫೈನಲ್‌ಗೆ 1. ಇದು ಗುಣೋತ್ತರ ಶ್ರೇಢಿ, ಸಾಮಾನ್ಯ ಅನುಪಾತ 1/2, ಅಂದರೆ ಪ್ರತಿ ಸಂಖ್ಯೆಯೂ ಹಿಂದಿನದರ ಅರ್ಧ. ಕೂಡಿದರೆ 255, ಮೊದಲಿನ 104 ಸೇರಿಸಿ 359.

ಹೀಗೆ ಬೋರ್ಡ್ ತುಂಬ ಬರೆದು ನಾನು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ, "ಸರ್, ಒಂದು ಪಂದ್ಯಕ್ಕೆ ಒಂದು ಟೀಮ್ ಔಟ್. ಕಪ್ ಗೆದ್ದವರನ್ನು ಬಿಟ್ಟು 359" ಎಂದಳು. ಸೂತ್ರ ಬೇಕಾಗಲೇ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಬೇಕಾಗುತ್ತದೆ, ಬಿಡಿ.

ಸಂಭವನೀಯತೆಯೂ ಇದೇ ಮೈದಾನದಲ್ಲಿದೆ. 256ರ ಸುತ್ತಿನಿಂದ ಕಪ್‌ವರೆಗೆ ಎಂಟು ಪಂದ್ಯ. ಪ್ರತಿ ಪಂದ್ಯವೂ ಸರಿಸಮ ಎಂದುಕೊಂಡರೆ ಒಂದು ತಂಡ ಮೊದಲನೆಯದರಲ್ಲೇ ಸೋಲುವ ಸಂಭವನೀಯತೆ 1/2, ಅದನ್ನು ಗೆದ್ದು ಎರಡನೆಯದರಲ್ಲಿ ಸೋಲುವುದು 1/4, ಮುಂದಿನದು 1/8. ಈ ಶ್ರೇಢಿಯ ಎಂಟನೇ ಪದ (ಸಾಲಿನ ಎಂಟನೇ ಸಂಖ್ಯೆ) ಕೇಳಿದರೆ 1/256, ಅಂದರೆ ಫೈನಲ್ ತಲುಪಿ ಸೋಲುವುದು. ಎಂಟು ಪದಗಳ ಮೊತ್ತ ಕೇಳಿದರೆ 255/256, ಅಂದರೆ ಎಲ್ಲೋ ಒಂದು ಕಡೆ ಸೋಲುವುದು. ಬಾಕಿ ಉಳಿದ 1/256 ಕಪ್ಪಿನದು.