ದಪ್ಪ ಜಲ್ಲಿಯ ಏರಿಗೆ ಎರಡು ಸಲ ಭಾರ ಹೇರಿ ನೋಡಿ

ರಸ್ತೆಗೋ ರೈಲು ಹಳಿಗೋ ಏರಿ ಕಟ್ಟುವಾಗ ಸೈಟಿನಲ್ಲಿ ಮೊದಲು ಕೇಳುವ ಪ್ರಶ್ನೆ, ಡೆನ್ಸಿಟಿ ಎಷ್ಟು ಬಂತು ಅಂತ. ಲ್ಯಾಬಿನಲ್ಲಿ ಗುದ್ದಿ ಪಡೆದ ಗರಿಷ್ಠ ಸಾಂದ್ರತೆಯ ಶೇ. 98 ಅಂದರೆ ಎಲ್ಲರಿಗೂ ಸಮಾಧಾನ. ಮಣ್ಣಿನ ಏರಿಗೆ ಇದು ಸರಿ. ಆದರೆ ಕ್ವಾರಿಯ ಬಂಡೆ ಚೂರು, ದಪ್ಪ ಜಲ್ಲಿ ತುಂಬಿದ್ದರೆ ಆ 98ನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕಾರಣ ಸರಳ. ಆ ಗರಿಷ್ಠ ಸಾಂದ್ರತೆ ಅಳೆಯುವ ಲ್ಯಾಬಿನ ಪ್ರಾಕ್ಟರ್ ಅಚ್ಚಿನಲ್ಲಿ 40 ಮಿ.ಮೀ.ಗಿಂತ ದೊಡ್ಡ ಕಲ್ಲು ಹಿಡಿಯುವುದಿಲ್ಲ. ಅದನ್ನು ಜರಡಿ ಹಿಡಿದು ತೆಗೆದೇ ಗುದ್ದುತ್ತೇವೆ. ಏರಿಯಲ್ಲಿ 150 ಮಿ.ಮೀ. ಕಲ್ಲು ಕೂತಿರುತ್ತದೆ. ಹೋಲಿಕೆ ಮಾಡುತ್ತಿರುವುದೇ ಬೇರೆ ವಸ್ತುವಿನ ಜೊತೆ, ಅಲ್ವಾ? ತಿದ್ದುಪಡಿ ಲೆಕ್ಕಗಳಿವೆ, ನಿಜ. ದಪ್ಪ ಕಲ್ಲು ಜಾಸ್ತಿಯಾದರೆ ಅವೂ ಕೈಕೊಡುತ್ತವೆ. ಇನ್ನು ಸೈಟಿನಲ್ಲಿ ಗುಂಡಿ ತೋಡಿ, ಅದರ ಗಾತ್ರ ಅಳೆಯಲು ಮರಳು ಸುರಿದರೆ, ಮರಳು ಕಲ್ಲಿನ ಸಂದಿಗಳಿಗೆ ಇಳಿದು ಲೆಕ್ಕ ಕೆಡುತ್ತದೆ.

ಹಾಗಾಗಿ ಇಂಥ ಏರಿಗೆ ಕೇಳಬೇಕಾದ್ದು ಭಾರ ಬಿದ್ದರೆ ಎಷ್ಟು ಕುಗ್ಗುತ್ತದೆ ಅನ್ನುವುದು. ಅದಕ್ಕೆ ಪ್ಲೇಟ್ ಲೋಡ್ ಪರೀಕ್ಷೆ ಇದೆ. ಜರ್ಮನಿಯ ಡಿಐಎನ್ 18134 ವಿಧಾನದಲ್ಲಿ 300 ಮಿ.ಮೀ. ವ್ಯಾಸದ ಉಕ್ಕಿನ ಪ್ಲೇಟನ್ನು ಜಾಕಿನಿಂದ ಹಂತಹಂತವಾಗಿ 0.5 ಮೆಗಾಪಾಸ್ಕಲ್‌ವರೆಗೆ ಒತ್ತುತ್ತಾರೆ. ಆಮೇಲೆ ಭಾರ ಇಳಿಸುತ್ತಾರೆ. ಮತ್ತೆ ಹೇರುತ್ತಾರೆ. ಮೊದಲ ಸಲದ ಗಡಸುತನ ಈವಿ-1, ಎರಡನೆಯದು ಈವಿ-2.

ಒಂದು ಲೆಕ್ಕ ನೋಡಿ. ಒತ್ತಡ 0.15ರಿಂದ 0.35 ಮೆಗಾಪಾಸ್ಕಲ್‌ಗೆ ಏರಿದಾಗ ಮೊದಲ ಸಲ ಪ್ಲೇಟ್ 1.2 ಮಿ.ಮೀ. ಇಳಿಯಿತು ಅನ್ನೋಣ. ಪ್ಲೇಟಿನ ತ್ರಿಜ್ಯ 150 ಮಿ.ಮೀ. ಅದರ ಒಂದೂವರೆ ಪಟ್ಟು 225. ಅದನ್ನು ಒತ್ತಡದ ಏರಿಕೆ 0.2ರಿಂದ ಗುಣಿಸಿ, 1.2ರಿಂದ ಭಾಗಿಸಿದರೆ ಈವಿ-1 ಸುಮಾರು 37 ಮೆಗಾಪಾಸ್ಕಲ್. ಎರಡನೇ ಸಲ ಇಳಿದದ್ದು ಬರೀ 0.45 ಮಿ.ಮೀ. ಅಂದರೆ ಈವಿ-2 ಸರಿಯಾಗಿ 100. ರಿಪೋರ್ಟಿನಲ್ಲಿ 100 ಅಂತ ಬರೆದರೆ ಚೆನ್ನಾಗೇ ಕಾಣುತ್ತದೆ. ಆದರೆ ಎರಡರ ಅನುಪಾತ 2.7 ಹತ್ತಿರ ಬಂತು. ಅಷ್ಟು ಅಂತರ ಅಂದರೆ, ರೋಲರ್ ಮಾಡಬೇಕಿದ್ದ ಕೆಲಸವನ್ನು ಮೊದಲ ಸುತ್ತಿನಲ್ಲಿ ಪ್ಲೇಟೇ ಮಾಡಿದೆ. ಜರ್ಮನಿಯ ರಸ್ತೆ ನಿಯಮಗಳು ಈ ಅನುಪಾತ ಹೆಚ್ಚೆಂದರೆ ಸುಮಾರು 2.3ರಿಂದ 2.6 ಇರಲಿ ಅನ್ನುತ್ತವೆ. ಈವಿ-1 ಮೊದಲೇ ಚೆನ್ನಾಗಿದ್ದರೆ ಮಾತ್ರ ವಿನಾಯಿತಿ. ಈವಿ-2 ಒಂದನ್ನೇ ತೋರಿಸುವ ರಿಪೋರ್ಟಿಗೆ ನಾನು ಸಹಿ ಹಾಕುವುದಿಲ್ಲ. ಪೂರ್ತಿ ಗ್ರಾಫ್ ಬೇಕು.

ಪ್ಲೇಟಿನ ಅಳತೆಯೂ ಮುಖ್ಯ. ಕಲ್ಲು ಪ್ಲೇಟಿನ ವ್ಯಾಸದ ಕಾಲು ಭಾಗ ಮೀರಬಾರದು. 300ರ ಪ್ಲೇಟಿಗೆ 75 ಮಿ.ಮೀ. ಕಲ್ಲೇ ಮಿತಿ. ದೊಡ್ಡ ಕಲ್ಲಿದ್ದರೆ 600 ಇಲ್ಲವೇ 762ರ ಪ್ಲೇಟ್ ಬೇಕು. ಇಲ್ಲದಿದ್ದರೆ ಸುಮ್ನೆ ಒಂದು ಬಂಡೆಯ ಗಟ್ಟಿತನ ಅಳೆದು ಬಂದಂತೆ. ಪ್ಲೇಟಿನಡಿ ಮಟ್ಟ ಮಾಡಲು ಕೆಲವು ಮಿ.ಮೀ. ಮರಳು ಸಾಕು. ಎರಡು ಇಂಚು ಹಾಸಿದರೆ ಕುಗ್ಗುವುದು ಆ ಮರಳು.

ಅಣೆಕಟ್ಟಿನಂಥ ಎತ್ತರದ ಭರ್ತಿಗೆ ಪ್ಲೇಟ್ ಸಾಲದು. ಅದರ ಪ್ರಭಾವ ವ್ಯಾಸದ ಎರಡು ಪಟ್ಟು ಆಳದಾಚೆ ಅಷ್ಟಾಗಿ ಹೋಗುವುದಿಲ್ಲ. ಅಲ್ಲಿ ಮಾದರಿಯನ್ನು ಸುತ್ತಲಿಂದಲೂ ಮೇಲಿಂದಲೂ ಒತ್ತಿ ನೋಡುವ ದೊಡ್ಡ ಟ್ರೈಆಕ್ಸಿಯಲ್ ಯಂತ್ರ ಬೇಕು. ಪಂಜಾಬಿನ ರಣಜಿತ್ ಸಾಗರ್ ಮತ್ತು ಬಂಗಾಳದ ಪುರುಲಿಯಾ ಅಣೆಕಟ್ಟುಗಳ ಕಲ್ಲನ್ನು 381 ಮಿ.ಮೀ. ವ್ಯಾಸದ ಮಾದರಿಗಳಲ್ಲಿ ಪರೀಕ್ಷಿಸಿದ್ದಾರೆ. ನದಿಯ ದುಂಡುಗಲ್ಲಿನಲ್ಲಿ ಕಲ್ಲಿನ ಅಳತೆ ದೊಡ್ಡದಾದಂತೆ ಘರ್ಷಣೆಯ ಕೋನ, ಅಂದರೆ ಕಲ್ಲುಗಳು ಜಾರದೆ ತಡೆದು ನಿಲ್ಲುವ ಬಲದ ಅಳತೆ, ಹೆಚ್ಚಿತು. ಸಿಡಿಸಿ ತೆಗೆದ ಚೂಪುಗಲ್ಲಿನಲ್ಲಿ ಕಡಿಮೆಯಾಯಿತು. ಚೂಪು ಮೊನೆಗಳು ಒತ್ತಡಕ್ಕೆ ಮುರಿಯುತ್ತವಲ್ಲ! ಹಾಗಾಗಿ ಸಣ್ಣ ಮಾದರಿಯ ಅಂಕಿಯನ್ನು ಕಣ್ಣುಮುಚ್ಚಿ ದೊಡ್ಡ ಕಲ್ಲಿಗೆ ಹಚ್ಚಬೇಡಿ.

ಕೊನೆಗೆ ನೀರು. ಒಣಗಿದ್ದಾಗ ಗಟ್ಟಿ ನಿಂತ ಮೊನೆಗಳು ನೆನೆದರೆ ಮುರಿದು ಕುಸಿಯುತ್ತವೆ. ಕ್ಯಾಲಿಫೋರ್ನಿಯಾದ ಕಾಗ್ಸ್‌ವೆಲ್ ಅಣೆಕಟ್ಟಿಗೆ ಕಲ್ಲನ್ನು ಒಣಗಿದ್ದಾಗಲೇ ಸುರಿದಿದ್ದರು. 1933ರ ಕೊನೆಯ ಜೋರು ಮಳೆಗೆ ಅದು ಹಲವು ಅಡಿ ಕುಸಿಯಿತು. ನಮ್ಮ ಮಲೆನಾಡು, ಕರಾವಳಿಯ ಕೆಲಸಗಳಲ್ಲಿ ಪರೀಕ್ಷೆ ನಡೆಯುವುದು ಬೇಸಿಗೆಯಲ್ಲಿ. ಹಾಗಾಗಿ ಒಂದೆರಡು ಜಾಗದಲ್ಲಿ ಟ್ಯಾಂಕರಿನಿಂದ ಚೆನ್ನಾಗಿ ನೀರು ಹಾಯಿಸಿ, ಮಾರನೇ ದಿನ ಪಕ್ಕದಲ್ಲೇ ಮತ್ತೆ ಪ್ಲೇಟ್ ಇಡಿಸುತ್ತೇನೆ. ಈವಿ-1 ತೀರಾ ಇಳಿದರೆ ಆ ಕ್ವಾರಿಯ ಕಲ್ಲನ್ನು ನೀರು ನಿಲ್ಲುವ ಕಡೆ ಹಾಕಲು ಒಪ್ಪುವುದಿಲ್ಲ.